ಮನೆಗಸದ ಲೆಕ್ಕ: ಬ್ರಿಟನ್ ಮತ್ತು ಅದರ ನೆರೆಹೊರೆ

ಚಿಕನ್ ಟಿಕ್ಕಾ ಮಸಾಲಾ ಉಂಡು ಮಿಕ್ಕಿದ್ದನ್ನು ಕಸದ ತೊಟ್ಟಿಗೆ ಹಾಕಿದ ಮೇಲೆ, ಅದನ್ನು ಒಯ್ಯುವ ಗಾಡಿಗಾಗಿ ಹದಿನೈದು ದಿನ ಕಾಯಬೇಕಾಗಿ ಬರಬಾರದು, ಇದು ಪ್ರತಿಯೊಬ್ಬ ಇಂಗ್ಲಿಷ್ ಗಂಡಸು-ಹೆಂಗಸಿನ ಮೂಲಭೂತ ಹಕ್ಕು. ಇಂಥ ಅರ್ಥದ ಮಾತನ್ನು ಆಡಿದವರು ಹಾಸ್ಯಗಾರರಲ್ಲ. 2010ರಲ್ಲಿ ಬ್ರಿಟನ್ನಿನಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರದಲ್ಲಿ ಸ್ಥಳೀಯ ಆಡಳಿತದ ಸಚಿವರಾಗಿದ್ದ ಎರಿಕ್ ಪಿಕಲ್ಸ್. ಇಂಗ್ಲೆಂಡಿನ ಊರೂರಿನ ಕೌನ್ಸಿಲ್‌ಗಳು ವಾರಕ್ಕೊಮ್ಮೆ ಒಯ್ಯುತ್ತಿದ್ದ ಕಸವನ್ನು ಎರಡು ವಾರಕ್ಕೊಮ್ಮೆ ಒಯ್ಯತೊಡಗಿದ್ದವು. ಹೀಗೆ ಮಾಡಿದರೆ ಜನ ಕಾಗದ, ಡಬ್ಬಿ, ಬಾಟಲಿಗಳನ್ನು ಬೇರೆ ಇಡುತ್ತಾರೆ ಎಂಬುದು ಅವುಗಳ ಅನುಭವ. ಸಚಿವರಿಗೆ ಅದು ಸರಿಬರಲಿಲ್ಲ. ವಾರದ ಗಾಡಿ ಉಳಿಸಿಕೊಳ್ಳುವವರಿಗೆಂದು 25 ಕೋಟಿ ಪೌಂಡ್ ತೆಗೆದಿಟ್ಟರು. ಹಣ ಪಡೆದವರಲ್ಲಿ ಬಹುಮಂದಿ ಮೊದಲೇ ವಾರಕ್ಕೊಮ್ಮೆ ಒಯ್ಯುತ್ತಿದ್ದವರು. ಎರಡು ವಾರದಿಂದ ಒಂದು ವಾರಕ್ಕೆ ಮರಳಿದ ಕೌನ್ಸಿಲ್ ಇಲ್ಲವೆನ್ನುವಷ್ಟು ವಿರಳ.

ಅದೇ 2010ರಲ್ಲಿ, ಅದೇ ದ್ವೀಪದ ಪಶ್ಚಿಮ ಅಂಚಿನ ವೇಲ್ಸ್‌ನಲ್ಲಿ ಬೇರೊಂದು ಕಾನೂನು ಬಂತು. ಕಸದ ವಿಷಯದಲ್ಲಿ ಸ್ವಂತ ತೀರ್ಮಾನ ಮಾಡುವ ಅಧಿಕಾರ ವೇಲ್ಸ್‌ಗೆ ಸಿಕ್ಕಿತ್ತು. ರಾಜಧಾನಿ ಕಾರ್ಡಿಫ್‌ನ ಶಾಸನಸಭೆ ಪ್ರತಿ ಕೌನ್ಸಿಲ್‌ಗೂ ಮೆಟ್ಟಿಲು ಮೆಟ್ಟಿಲಾಗಿ ಮರುಬಳಕೆಯ ಗುರಿ ಹಾಕಿಕೊಟ್ಟಿತು: 2012-13ಕ್ಕೆ ಶೇಕಡಾ 52, 2015-16ಕ್ಕೆ 58, 2019-20ಕ್ಕೆ 64, 2024-25ಕ್ಕೆ 70. ಗುರಿ ತಪ್ಪಿದರೆ ಕೊರತೆಬಿದ್ದ ಪ್ರತಿ ಟನ್ನಿಗೆ 200 ಪೌಂಡ್ ದಂಡ. ದಂಡದ ಜೊತೆಗೆ ಗಾಡಿ, ಡಬ್ಬ, ಡಿಪೋಗಳಿಗೆ ಹಣವನ್ನೂ ಕೊಟ್ಟಿತು. 1998-99ರಲ್ಲಿ ವೇಲ್ಸ್ ಮರುಬಳಕೆಗೆ ಕಳಿಸುತ್ತಿದ್ದುದು ತನ್ನ ಕಸದ ಶೇಕಡಾ ಐದನ್ನೂ ಮುಟ್ಟುತ್ತಿರಲಿಲ್ಲ. 2023-24ರ ಹೊತ್ತಿಗೆ ಅದು 66.6ಕ್ಕೆ ಏರಿತು. ಇಂಗ್ಲೆಂಡಿನ ಮನೆಗಸದ ಅಂಕಿ ಹತ್ತು ವರ್ಷಕ್ಕೂ ಮಿಕ್ಕಿ 43, 44ರ ಸುತ್ತಲೇ ಗಿರಕಿ ಹೊಡೆಯುತ್ತಿದೆ.

ಈ ಉಪನ್ಯಾಸದ ವಾದವೆಲ್ಲ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ. ಜರ್ಮನರು ಶಿಸ್ತಿನವರು, ಸ್ವಿಸ್ಸರು ಚೊಕ್ಕದವರು, ಬ್ರಿಟಿಷರು ಸೋಮಾರಿಗಳು ಎಂಬ ಮಾತು ಯುರೋಪಿನ ಹರಟೆಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ವೇಲ್ಸ್ ಮತ್ತು ಇಂಗ್ಲೆಂಡಿನವರು ನೋಡುವ ಟಿವಿ ಒಂದೇ, ಸಾಮಾನು ತರುವ ಸೂಪರ್‌ಮಾರ್ಕೆಟ್ ಒಂದೇ, ತಿಂದು ಎಸೆಯುವ ಪೊಟ್ಟಣವೂ ಒಂದೇ. ಜನಸ್ವಭಾವವೇ ಕಾರಣವಾಗಿದ್ದರೆ ನಡುವೆ ಒಂದು ನದಿ ದಾಟಿದ ಕೂಡಲೇ ಸ್ವಭಾವ ಬದಲಾಗಬೇಕಿತ್ತು. ಬದಲಾಗಿದ್ದು ಮನೆಮುಂದಿನ ಡಬ್ಬ, ಗಾಡಿ ಬರುವ ದಿನ, ಮತ್ತು ಕೌನ್ಸಿಲ್ ಲೆಕ್ಕ ಒಪ್ಪಿಸಬೇಕಾದ ಕಡತ.

ಉತ್ತರ ವೇಲ್ಸ್‌ನ ಕಾನ್ವಿ ಜಿಲ್ಲೆಯ ಮನೆಯೊಂದರ ಹಿತ್ತಲನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಚಕ್ರವಿರುವ ಒಂದು ಚೌಕಟ್ಟಿನಲ್ಲಿ ಮೂರು ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿರುತ್ತವೆ. ಊರವರು ಅದನ್ನು ಟ್ರೊಲಿಬಾಕ್ಸ್ ಎನ್ನುತ್ತಾರೆ. ಕಾಗದ, ಗಾಜು, ಪ್ಲಾಸ್ಟಿಕ್ ಮತ್ತು ತಗಡಿನ ಡಬ್ಬಿಗಳಿಗೆ ಬೇರೆ ಬೇರೆ ಜಾಗ. ಪಕ್ಕದಲ್ಲಿ ಮುಚ್ಚಳಕ್ಕೆ ಚಿಲಕವಿರುವ ಪುಟ್ಟ ಡಬ್ಬ, ಅದು ಹಸಿ ಕಸಕ್ಕೆ. ಇವೆಲ್ಲವನ್ನೂ ವಾರಕ್ಕೊಮ್ಮೆ ಒಯ್ಯುತ್ತಾರೆ. ಮಗುವಿನ ಡೈಪರ್‌ಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಯಾವುದಕ್ಕೂ ಸಲ್ಲದ ಕಸ ಬೀಳುವ ದೊಡ್ಡ ತೊಟ್ಟಿಯನ್ನು ಮಾತ್ರ 2018ರಿಂದ ನಾಲ್ಕು ವಾರಕ್ಕೊಮ್ಮೆ ಎತ್ತುತ್ತಾರೆ. ಮೊದಲು ಊರಿನಲ್ಲಿ ಗಲಾಟೆಯಾಯಿತು, ಪತ್ರಿಕೆಗಳಲ್ಲಿ ಇಲಿಗಳ ಮಾತು ಬಂತು. ಆಮೇಲೆ ಜನಕ್ಕೆ ಗೊತ್ತಾದದ್ದು ಸರಳ ಸಂಗತಿ: ಕೊಳೆಯುವ ಅನ್ನ-ಸಾರು, ಮೂಳೆ, ಸಿಪ್ಪೆ ವಾರವಾರವೂ ಹೋದರೆ ದೊಡ್ಡ ತೊಟ್ಟಿಯಲ್ಲಿ ನಾರುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಪಿಕಲ್ಸ್ ಅವರ ಟಿಕ್ಕಾ ಮಸಾಲಾದ ಸಮಸ್ಯೆಗೆ ಉತ್ತರ ವಾರದ ಗಾಡಿಯಲ್ಲಿರಲಿಲ್ಲ, ಈ ಪುಟ್ಟ ಡಬ್ಬದಲ್ಲಿತ್ತು.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ವೇಲ್ಸ್‌ನ ಲೆಕ್ಕವೂ ಇಂಗ್ಲೆಂಡಿನ ಲೆಕ್ಕವೂ ಒಂದೇ ಅಳತೆಗೋಲಿನದಲ್ಲ. ಕಸ ಸುಟ್ಟ ಮೇಲೆ ಉಳಿಯುವ ಬೂದಿ ರಸ್ತೆ ಕೆಲಸಕ್ಕೆ ಹೋದರೆ ವೇಲ್ಸ್ ಅದನ್ನೂ ಮರುಬಳಕೆಯೆಂದೇ ಎಣಿಸುತ್ತದೆ. ಇಂಗ್ಲೆಂಡಿನ ಹಳ್ಳಿಗಾಡಿನ ಕೌನ್ಸಿಲ್‌ಗಳ ಅಂಕಿ ಉಬ್ಬುವುದು ತೋಟದ ಹುಲ್ಲಿನಿಂದ. ಒದ್ದೆ ಹುಲ್ಲು ತೂಕದಲ್ಲಿ ಜೋರು. ಸೌತ್ ಆಕ್ಸ್‌ಫರ್ಡ್‌ಶೈರ್ ಶೇಕಡಾ 60 ದಾಟಿ, ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ 20ರ ಕೆಳಗೆ ಬಿದ್ದರೆ, ಒಂದು ಕಡೆ ಹುಲ್ಲುಹಾಸಿನ ಬಂಗಲೆಗಳಿವೆ, ಇನ್ನೊಂದು ಕಡೆ ಹುಲ್ಲಿನ ಎಸಳಿಲ್ಲದ ಬಹುಮಹಡಿ ಫ್ಲಾಟುಗಳಿವೆ ಎಂಬುದನ್ನು ನೆನಪಿಡಬೇಕು. ಈ ಗೋಜಲನ್ನೆಲ್ಲ ಬಿಡಿಸಿ, ಎಲ್ಲ ದೇಶಗಳನ್ನೂ ಒಂದೇ ಅಳತೆಗೆ ಹಚ್ಚಲು ಯತ್ನಿಸಿದ ವರದಿಯೊಂದನ್ನು 2024ರಲ್ಲಿ ಯುನೋಮಿಯಾ ಮತ್ತು ರೀಲೂಪ್ ಸಂಸ್ಥೆಗಳು ಹೊರತಂದವು. ಅದರಲ್ಲಿ ಮೊದಲ ಸ್ಥಾನ ಆಸ್ಟ್ರಿಯಾಕ್ಕೆ, ಎರಡನೆಯದು ವೇಲ್ಸ್‌ಗೆ, ಮೂರನೆಯದು ತೈವಾನಿಗೆ. ಯಾವಾಗಲೂ ತಾನೇ ಮುಂದು ಎನ್ನುತ್ತಿದ್ದ ಜರ್ಮನಿಗೆ ಮೊದಲ ಮೂರರಲ್ಲಿ ಜಾಗ ಸಿಗಲಿಲ್ಲ.

ಬೇರ್ಪಡಿಸುವುದು ಬ್ರಿಟಿಷರಿಗೆ ಹೊಸ ವಿದ್ಯೆಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಮನೆಗಸವೆಂದರೆ ಮುಖ್ಯವಾಗಿ ಕಲ್ಲಿದ್ದಲ ಬೂದಿ. ಅದನ್ನು ದಿಬ್ಬ ದಿಬ್ಬವಾಗಿ ಸುರಿದು, ಹೆಂಗಸರು ಜರಡಿ ಹಿಡಿದು, ಬೂದಿಯನ್ನು ಇಟ್ಟಿಗೆ ಗೂಡಿಗೂ ಮೂಳೆಯನ್ನು ಸಾಬೂನು-ಗೊಬ್ಬರಕ್ಕೂ ಚಿಂದಿಯನ್ನು ಕಾಗದಕ್ಕೂ ಕಳಿಸುತ್ತಿದ್ದರು. ಡಿಕನ್ಸನ ಕೊನೆಯ ಪೂರ್ಣ ಕಾದಂಬರಿಯಲ್ಲಿ ಆಸ್ತಿಯ ಜಗಳವೆಲ್ಲ ಇಂಥ ಕಸದ ದಿಬ್ಬಗಳ ಸುತ್ತ ನಡೆಯುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಂತೂ ಕಸ ಬೇರ್ಪಡಿಸುವುದು ದೇಶಸೇವೆಯಾಯಿತು. 1940ರ ಬೇಸಿಗೆಯಲ್ಲಿ ವಿಮಾನ ಕಟ್ಟಲೆಂದು ಅಲ್ಯುಮಿನಿಯಂ ಪಾತ್ರೆ ಕೊಡಿರೆಂದು ಕರೆ ಬಂದದ್ದೇ, ಗೃಹಿಣಿಯರು ಬಾಣಲೆ-ಬೋಗುಣಿ ತಂದು ಗುಡ್ಡೆ ಹಾಕಿದರು. ಬೀದಿಬೀದಿಗಳಲ್ಲಿ ಹಂದಿ ತೊಟ್ಟಿಗಳು ನಿಂತವು; ಆಲೂಗಡ್ಡೆ ಸಿಪ್ಪೆ, ಹಳಸಿದ ಬ್ರೆಡ್ಡು, ಕೋಸಿನ ಎಲೆ ಎಲ್ಲ ಅದಕ್ಕೆ. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಅದನ್ನು ಬೇಯಿಸಿ ಗಟ್ಟಿ ಮಾಡಿ ಹಂದಿ ಸಾಕುವವರಿಗೆ ಮಾರುತ್ತಿದ್ದರು. ನೋಡಲು ಹೋದ ರಾಣಿ ಮೇರಿ ಅದಕ್ಕೆ ‘ಟಾಟನ್‌ಹ್ಯಾಮ್ ಪುಡ್ಡಿಂಗ್’ ಎಂದು ಹೆಸರಿಟ್ಟರಂತೆ. ಆ ಹೆಸರೇ ನಿಂತಿತು. ಯುದ್ಧ ಮುಗಿದ ಮೇಲೂ ಬಹುಕಾಲ ಅಡುಗೆಮನೆಯ ಉಳಿಕೆ ಹಂದಿಗಳಿಗೆ ಹೋಗುತ್ತಿತ್ತು. 2001ರಲ್ಲಿ ಕಾಲುಬಾಯಿ ರೋಗ ದೇಶವನ್ನು ನಡುಗಿಸಿದ ಮೇಲೆ ಅದಕ್ಕೆ ನಿಷೇಧ ಬಿತ್ತು. ಈಗ ಹಸಿ ಕಸ ಬೇರೆ ಇಡಿ ಎಂದರೆ ಮುಖ ಸಿಂಡರಿಸುವ ಮನೆಗಳ ಅಜ್ಜಿಯರು ಅದನ್ನು ಯಾರ ಉಪದೇಶವೂ ಇಲ್ಲದೆ ದಿನವೂ ಮಾಡುತ್ತಿದ್ದರು.

ನಡುವೆ ಆದದ್ದೇನು? ಅಗ್ಗದ ಗುಂಡಿ ಸಿಕ್ಕಿತು. ಜಲ್ಲಿ, ಜೇಡಿ, ಸುಣ್ಣಕಲ್ಲು ತೆಗೆದು ಖಾಲಿಯಾದ ಗಣಿಗುಂಡಿಗಳು ಬ್ರಿಟನ್ನಿನ ತುಂಬ ಬಾಯಿ ತೆರೆದುಕೊಂಡಿದ್ದವು. ಗುಂಡಿ ತುಂಬಿಸಲು ಕಸ ಬೇಕು, ಕಸಕ್ಕೆ ಗುಂಡಿ ಬೇಕು, ಇಬ್ಬರಿಗೂ ಲಾಭ. 1977ರಲ್ಲಿ ಯಾರ್ಕ್‌ಶೈರಿನ ಬಾರ್ನ್ಸ್‌ಲಿಯಲ್ಲಿ ಗಾಜಿನ ಬಾಟಲಿ ಹಾಕುವ ಮೊದಲ ಸಾರ್ವಜನಿಕ ಪೆಟ್ಟಿಗೆ ಬಂದರೂ, ಅದು ಉತ್ಸಾಹಿಗಳ ಭಾನುವಾರದ ಕೆಲಸವಾಗಿಯೇ ಉಳಿಯಿತು. ಪರಿಸ್ಥಿತಿ ತಿರುಗಿದ್ದು 1996ರ ಅಕ್ಟೋಬರಿನಲ್ಲಿ, ಗುಂಡಿಗೆ ಸುರಿಯುವ ಪ್ರತಿ ಟನ್ ಕಸಕ್ಕೆ 7 ಪೌಂಡ್ ತೆರಿಗೆ ಬಿದ್ದಾಗ. 2014ರ ಹೊತ್ತಿಗೆ ಅದು 80 ಪೌಂಡ್ ಆಯಿತು, 2025ರ ಏಪ್ರಿಲ್‌ನಿಂದ 126 ಪೌಂಡ್ ಮೀರಿದೆ. ಶತಮಾನದ ಆರಂಭದಲ್ಲಿ ಶೇಕಡಾ 11ರಷ್ಟಿದ್ದ ಇಂಗ್ಲೆಂಡಿನ ಮರುಬಳಕೆ ಹತ್ತೇ ವರ್ಷದಲ್ಲಿ 40ನ್ನು ಮುಟ್ಟಿದ್ದಕ್ಕೆ ಈ ತೆರಿಗೆಯ ಪಾಲು ದೊಡ್ಡದು. ಆದರೆ ಗುಂಡಿಯಿಂದ ಓಡಿದ ಕಸ ಪೂರ್ತಿ ಮರುಬಳಕೆಗೆ ಬರಲಿಲ್ಲ. ಬಹುಪಾಲು ಸುಡುವ ಸ್ಥಾವರಗಳಿಗೆ ನುಗ್ಗಿತು. ಇಂದು ಇಂಗ್ಲೆಂಡಿನ ಕೌನ್ಸಿಲ್‌ಗಳ ಕೈಗೆ ಬರುವ ಕಸದಲ್ಲಿ ಹತ್ತಿರಹತ್ತಿರ ಅರ್ಧ ಬೆಂಕಿಗೆ ಹೋಗುತ್ತದೆ.

ತೆರಿಗೆ ಕಟ್ಟುತ್ತಿದ್ದುದು ಕೌನ್ಸಿಲ್, ಮನೆಯವರಲ್ಲ. ಯುರೋಪಿನ ಮುಖ್ಯಭೂಮಿಗೂ ಬ್ರಿಟನ್ನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬ್ರಿಟನ್ನಿನ ಮನೆಯವನು ವರ್ಷಕ್ಕಿಷ್ಟು ಎಂದು ಕೌನ್ಸಿಲ್ ತೆರಿಗೆ ಕಟ್ಟುತ್ತಾನೆ. ತೊಟ್ಟಿ ತುಂಬಿ ತುಳುಕಿದರೂ ಅಷ್ಟೇ, ಅರ್ಧ ಖಾಲಿಯಿದ್ದರೂ ಅಷ್ಟೇ. ಜ್ಯೂರಿಕ್‌ನಲ್ಲಿ ಹಾಗಲ್ಲ. ಅಲ್ಲಿ ಕಸ ಹಾಕಲು ನಗರಸಭೆಯ ಹೆಸರು ಮುದ್ರಿಸಿದ ಚೀಲವನ್ನೇ ಕೊಳ್ಳಬೇಕು, ಚೀಲದ ಬೆಲೆಯಲ್ಲೇ ಕಸ ಸಾಗಿಸುವ ಶುಲ್ಕವೂ ಸೇರಿರುತ್ತದೆ. ಅಂಗಡಿಯಲ್ಲಿ ಸಿಗರೇಟಿನಂತೆ ಅದನ್ನು ಕೌಂಟರಿನ ಬಳಿ ಕೇಳಿ ಪಡೆಯಬೇಕು. ಬೇರೆ ಚೀಲದಲ್ಲಿ ಕದ್ದು ಇಟ್ಟರೆ ಅದನ್ನು ಬಿಚ್ಚಿ, ಒಳಗಿನ ಲಕೋಟೆಯಲ್ಲಿ ವಿಳಾಸ ಹುಡುಕಿ ದಂಡದ ಚೀಟಿ ಕಳಿಸುವ ನೌಕರರಿದ್ದಾರೆ. ಹಳೇ ಪತ್ರಿಕೆಗಳನ್ನು ದಾರದಿಂದ ಕಟ್ಟಿ ಇಡಬೇಕು. ಭಾನುವಾರ ಗಾಜಿನ ಪೆಟ್ಟಿಗೆಗೆ ಬಾಟಲಿ ಎಸೆಯುವಂತಿಲ್ಲ, ಸದ್ದಾಗುತ್ತದೆ. ಸ್ವಿಸ್ಸರ ಚೊಕ್ಕತನದ ಹಿಂದೆ ಚೀಲದ ಬೆಲೆಯೂ ಇದೆ. ಆ ಬೆಲೆ ಎಲ್ಲ ಸ್ವಿಸ್ಸರಿಗೂ ಹಿಡಿಸಿದೆ ಎಂದಲ್ಲ: ದೇಶವೆಲ್ಲ ಒಪ್ಪಿದರೂ ಜಿನೀವಾ ಪ್ರಾಂತ್ಯ ವರ್ಷಗಟ್ಟಲೆ ಈ ಚೀಲದ ಶುಲ್ಕಕ್ಕೆ ಒಪ್ಪದೆ ಉಳಿಯಿತು.

ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲೂ ಇದೇ ಚೀಲದ ಪದ್ಧತಿ. ಇಟಲಿಯ ಟ್ರೆವಿಸೊ ಸೀಮೆಯಲ್ಲಿ ಬೇರ್ಪಡಿಸಲಾಗದ ಕಸದ ತೊಟ್ಟಿಗೆ ಚಿಪ್ ಅಂಟಿಸಿದ್ದಾರೆ; ತೊಟ್ಟಿ ಎಷ್ಟು ಸಲ ಖಾಲಿಯಾಯಿತೋ ಅಷ್ಟಕ್ಕೆ ಬಿಲ್ಲು. ಅಲ್ಲಿ ಕಸದ ಶೇಕಡಾ 85ರಷ್ಟು ಬೇರೆಬೇರೆಯಾಗಿಯೇ ಸಂಗ್ರಹವಾಗುತ್ತದೆ. ಇಟಲಿಯವರನ್ನು ಶಿಸ್ತಿಗೆ ಉದಾಹರಣೆಯಾಗಿ ಯಾರೂ ಹೇಳುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಬಹುದು. ಲುಕ್ಕಾ ಬಳಿಯ ಕಪಾನೋರಿ ಎಂಬ ಊರಿನಲ್ಲಿ ಕಸ ಸುಡುವ ಸ್ಥಾವರ ಬರಲಿದೆ ಎಂದಾಗ ಅದನ್ನು ತಡೆಯಲು ನಿಂತವರು ರೊಸ್ಸಾನೊ ಎರ್ಕೊಲಿನಿ ಎಂಬ ಪ್ರಾಥಮಿಕ ಶಾಲೆಯ ಮೇಷ್ಟ್ರು. 2007ರಲ್ಲಿ ಆ ಊರು ಯುರೋಪಿನಲ್ಲೇ ಮೊದಲು ‘ಶೂನ್ಯ ಕಸ’ದ ಗುರಿ ಘೋಷಿಸಿತು, 2013ರಲ್ಲಿ ಮೇಷ್ಟ್ರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅತ್ತ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾ, 2004ರಲ್ಲಿ ಯುರೋಪ್ ಒಕ್ಕೂಟ ಸೇರುವಾಗ ಬಹುತೇಕ ಎಲ್ಲವನ್ನೂ ಗುಂಡಿಗೆ ಸುರಿಯುತ್ತಿದ್ದ ಊರು, ಮನೆಬಾಗಿಲಿನಲ್ಲೇ ಬೇರೆಬೇರೆಯಾಗಿ ಎತ್ತತೊಡಗಿ ಹತ್ತು-ಹನ್ನೆರಡು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಕಸ ಬೇರ್ಪಡಿಸುವ ನಗರವಾಯಿತು.

ಬ್ರಿಟನ್ ಇದನ್ನು ಯೋಚಿಸಿಯೇ ಇರಲಿಲ್ಲವೆಂದಲ್ಲ. 2008ರ ಹವಾಮಾನ ಬದಲಾವಣೆ ಕಾನೂನಿನಲ್ಲಿ, ಹೆಚ್ಚು ಕಸಕ್ಕೆ ಹೆಚ್ಚು ಶುಲ್ಕ ಎಂಬುದನ್ನು ಐದು ಕೌನ್ಸಿಲ್‌ಗಳಲ್ಲಿ ಪ್ರಯೋಗಿಸಿ ನೋಡಲು ಅವಕಾಶವಿತ್ತು. ಒಂದು ಕೌನ್ಸಿಲ್ ಕೂಡ ಮುಂದೆ ಬರಲಿಲ್ಲ. ತೊಟ್ಟಿಗೆ ಚಿಪ್ ಹಾಕಿದವರನ್ನು ಪತ್ರಿಕೆಗಳು ‘ತೊಟ್ಟಿ ಗೂಢಚಾರರು’ ಎಂದು ಜರೆದಿದ್ದವು. ಚುನಾವಣೆ ಎದುರಿಸಬೇಕಾದ ಯಾವ ಕೌನ್ಸಿಲರ್ ಆ ಗೊಡವೆಗೆ ಹೋದಾನು? ಹೊಸ ಸರ್ಕಾರ ಬಂದೊಡನೆ ಆ ಕಲಮನ್ನೇ ಕಿತ್ತುಹಾಕಿತು.

ಜರ್ಮನಿಯ ಕಥೆಯಲ್ಲಿ ಹೆಚ್ಚು ಕಲಿಯಬೇಕಾದದ್ದು ಅದರ ಬಣ್ಣಬಣ್ಣದ ತೊಟ್ಟಿಗಳಲ್ಲಿಲ್ಲ, ಬಾಟಲಿಯಲ್ಲಿದೆ. 1991ರಲ್ಲಿ ಅಲ್ಲಿನ ಸರ್ಕಾರ ಪೊಟ್ಟಣ ತಯಾರಿಸುವವರೇ ಪೊಟ್ಟಣದ ಕೊನೆಗೂ ಹೊಣೆ ಎಂದಿತು. ಪೊಟ್ಟಣಗಳನ್ನು ಹಾಕುವ ಹಳದಿ ತೊಟ್ಟಿ, ಪೊಟ್ಟಣದ ಮೇಲೆ ಅಚ್ಚಾಗುವ ಹಸಿರು ಚುಕ್ಕೆಯ ಗುರುತು ಹುಟ್ಟಿದ್ದು ಆಗ. 2003ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪಾನೀಯದ ಡಬ್ಬಿ-ಬಾಟಲಿಗಳಿಗೆ ಕಡ್ಡಾಯ ಠೇವಣಿ ಬಂತು, ಈಗ ಒಂದಕ್ಕೆ 25 ಸೆಂಟ್. ಸೂಪರ್‌ಮಾರ್ಕೆಟಿನ ಮೂಲೆಯಲ್ಲಿ ಗೋಡೆಗೆ ಒಂದು ದುಂಡನೆಯ ತೂತು. ಬಾಟಲಿ ತೂರಿಸಿದರೆ ಒಳಗೆ ಅದು ಗಿರ್ರನೆ ತಿರುಗಿ, ಪಟ್ಟೆಗಳ ಗುರುತನ್ನು ಯಂತ್ರ ಓದಿ, ಸಮ್ಮತವಾದರೆ ನುಂಗುತ್ತದೆ, ಇಲ್ಲವಾದರೆ ವಾಪಸ್ಸು ಉಗುಳುತ್ತದೆ. ಕೊನೆಗೆ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಕೊಟ್ಟರೆ ದುಡ್ಡು. ನೂರಕ್ಕೆ ಸುಮಾರು 98 ಬಾಟಲಿಗಳು ಹೀಗೆ ಮರಳುತ್ತವೆ. ಕುಡಿದವನಿಗೆ ಬೇಡವಾದರೂ ಬಾಟಲಿ ವ್ಯರ್ಥವಾಗುವುದಿಲ್ಲ. ನಗರಗಳಲ್ಲಿ ಮುಸ್ಸಂಜೆಯಲ್ಲಿ ಚೀಲ ಹಿಡಿದು ಬಾಟಲಿ ಆರಿಸುವ ಮುದುಕರು, ನಿರ್ಗತಿಕರು ಇದ್ದಾರೆ. ಅವರು ಕೊಳಕಿಗೆ ಕೈಹಾಕಬೇಕಾಗದಿರಲಿ ಎಂದು ಬಾಟಲಿಯನ್ನು ತೊಟ್ಟಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುವುದು ಅಲ್ಲಿ ಒಂದು ಮರ್ಯಾದೆ. ಶ್ರೀಮಂತ ದೇಶದ ಪಿಂಚಣಿ ವ್ಯವಸ್ಥೆಯ ಬಗ್ಗೆ ಈ ದೃಶ್ಯ ಹೇಳುವುದು ಬೇರೆಯದೇ ಮಾತು.

ಅದೇ ಜರ್ಮನರು ಠೇವಣಿಯಿಲ್ಲದ ಹಳದಿ ತೊಟ್ಟಿಗೆ ಬಂದಾಗ ನಮ್ಮ ನಿಮ್ಮಂತೆಯೇ. ಅದರಲ್ಲಿ ಬೀಳುವುದರಲ್ಲಿ ಶೇಕಡಾ 30ರವರೆಗೂ ಅಲ್ಲಿ ಬೀಳಬಾರದ ಕಸ ಎಂದು ಅದನ್ನು ನಡೆಸುವ ಕಂಪನಿಗಳೇ ಗೋಳಾಡುತ್ತವೆ. ಸ್ವೀಡನ್ನಿನದು ಇನ್ನೊಂದು ತಮಾಷೆ. ಕಸವೇ ಸಾಲದೆ ಹೊರದೇಶದಿಂದ ತರಿಸಿಕೊಳ್ಳುವ ದೇಶ ಎಂದು ಅದನ್ನು ವಾಟ್ಸಾಪಿನಲ್ಲಿ ಕೊಂಡಾಡುವವರಿದ್ದಾರೆ. ತರಿಸಿಕೊಳ್ಳುವುದು ನಿಜ, ಬ್ರಿಟನ್ನಿನ ಕಸವೂ ಅಲ್ಲಿಗೆ ಹೋಗಿದೆ. ಆದರೆ ಅದು ಸುಟ್ಟು ಮನೆ ಬೆಚ್ಚಗಿಡಲು. ಸ್ವೀಡನ್ನಿನ ಮರುಬಳಕೆಯ ಪ್ರಮಾಣ ಶೇಕಡಾ 40ರ ಆಸುಪಾಸು, ಬ್ರಿಟನ್ನಿಗಿಂತ ಮೇಲಲ್ಲ. ರೊಮೇನಿಯಾ, ಮಾಲ್ಟಾಗಳಂತೂ ಪಟ್ಟಿಯ ತಳದಲ್ಲಿವೆ.

ಆ ರೊಮೇನಿಯಾ ಕೂಡ 2023ರ ನವೆಂಬರಿನಲ್ಲಿ ಬಾಟಲಿ ಠೇವಣಿ ಆರಂಭಿಸಿತು. 2024ರ ಫೆಬ್ರವರಿಯಲ್ಲಿ ಐರ್ಲೆಂಡ್ ಆರಂಭಿಸಿತು. ಬ್ರಿಟನ್ ಆಗಲೂ ಮಾತಾಡುತ್ತಲೇ ಇತ್ತು. ಸ್ಕಾಟ್ಲೆಂಡ್ 2020ರಲ್ಲೇ ಒಂದು ಬಾಟಲಿಗೆ 20 ಪೆನ್ಸ್ ಎಂದು ಕಾನೂನು ಮಾಡಿತ್ತು. ಗಾಜನ್ನು ಸೇರಿಸುವಂತಿಲ್ಲ ಎಂದು ಲಂಡನ್ ಅಡ್ಡಗಾಲು ಹಾಕಿತು. ಯೋಜನೆ ನಡೆಸಬೇಕಿದ್ದ ಸಂಸ್ಥೆ 2023ರ ಜೂನ್‌ನಲ್ಲಿ ಮುಳುಗಿತು. ವಿಪರ್ಯಾಸವೆಂದರೆ, ಸ್ಕಾಟ್ಲೆಂಡಿನ ಮಕ್ಕಳು ತಲೆಮಾರುಗಳಿಂದ ಐರ್ನ್-ಬ್ರೂ ಪಾನೀಯದ ಖಾಲಿ ಗಾಜಿನ ಬಾಟಲಿ ಅಂಗಡಿಗೆ ಒಪ್ಪಿಸಿ ಪುಡಿಗಾಸು ಸಂಪಾದಿಸುತ್ತಿದ್ದವರು. ಕೊನೆಗೆ ಒಂದಕ್ಕೆ 30 ಪೆನ್ಸ್ ಸಿಗುತ್ತಿತ್ತು. ಮನೆಬಾಗಿಲಲ್ಲೇ ಕೌನ್ಸಿಲ್ ಗಾಜು ಒಯ್ಯುತ್ತಿರುವುದರಿಂದ ಬಾಟಲಿಗಳು ಸರಿಯಾಗಿ ಮರಳುತ್ತಿಲ್ಲವೆಂದು ಕಂಪನಿ 2015ರ ಕೊನೆಯ ದಿನಕ್ಕೆ ಅದನ್ನು ನಿಲ್ಲಿಸಿತು. ಒಂದು ಸುಧಾರಣೆ ಇನ್ನೊಂದು ಒಳ್ಳೆಯ ರೂಢಿಯನ್ನು ನುಂಗಿದ ಉದಾಹರಣೆಯಿದು.

ತೊಟ್ಟಿಯಿಂದ ಆಚೆಗಿನ ಪ್ರಯಾಣವನ್ನೂ ನೋಡಬೇಕು. ಇಂಗ್ಲೆಂಡಿನ ಹಲವು ಊರುಗಳಲ್ಲಿ ಒಣ ಕಸವೆಲ್ಲ ಒಂದೇ ತೊಟ್ಟಿಗೆ. ಅದು ಹೋಗುವ ವಿಂಗಡಣೆ ಕಾರ್ಖಾನೆಯಲ್ಲಿ ತಿರುಗುವ ಜರಡಿಗಳು, ಕಬ್ಬಿಣ ಹಿಡಿಯುವ ಅಯಸ್ಕಾಂತ, ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವ ಬೆಳಕಿನ ಕಣ್ಣುಗಳಿವೆ. ಆ ಕಣ್ಣಿಗೆ ಕಪ್ಪು ಬಣ್ಣದ ಊಟದ ತಟ್ಟೆ ಕಾಣುವುದಿಲ್ಲ. ಇಂಗಾಲದ ಕಪ್ಪು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಒಡೆದ ಗಾಜಿನ ಚೂರು ಕಾಗದದೊಳಗೆ ಹೊಕ್ಕರೆ ಕಾಗದದ ಗಿರಣಿ ಬೇಡವೆನ್ನುತ್ತದೆ. ಜಿಡ್ಡು ಮೆತ್ತಿದ ಪಿಜ್ಜಾ ಡಬ್ಬಿ, ‘ಇರಲಿ, ಯಾರಾದರೂ ಬಳಸಿಯಾರು’ ಎಂದು ಎಸೆದ ಹಳೇ ಬಾಣಲೆ, ಮಗುವಿನ ಡೈಪರ್, ಎಲ್ಲವೂ ಬೆಲ್ಟಿನ ಮೇಲೆ ಬರುತ್ತವೆ. ಬಿಸಾಡಿದ ವೇಪ್‌ಗಳ, ಅಂದರೆ ವಿದ್ಯುತ್ ಸಿಗರೇಟುಗಳ, ಬ್ಯಾಟರಿ ಕಸದ ಗಾಡಿಯೊಳಗೇ ಹೊತ್ತಿಕೊಳ್ಳುವುದು ಎಷ್ಟು ಹೆಚ್ಚಿತೆಂದರೆ ಅಗ್ನಿಶಾಮಕ ಮುಖ್ಯಸ್ಥರು ಗೋಗರೆಯಬೇಕಾಯಿತು. ಒಮ್ಮೆ ಸೇದಿ ಎಸೆಯುವ ವೇಪ್‌ಗಳ ಮಾರಾಟ 2025ರ ಜೂನ್ 1ರಿಂದ ನಿಷಿದ್ಧ.

ವಿಂಗಡಿಸಿದ್ದರಲ್ಲಿ ಒಳ್ಳೆಯ ಪಾಲು ಹಡಗು ಹತ್ತುತ್ತದೆ. 2018ರಲ್ಲಿ ಚೀನಾ ಬಾಗಿಲು ಮುಚ್ಚಿದ ಮೇಲೆ ಬ್ರಿಟನ್ನಿನ ಪ್ಲಾಸ್ಟಿಕ್ ಮಲೇಷ್ಯಾ, ಟರ್ಕಿಗಳತ್ತ ತಿರುಗಿತು. 2021ರಲ್ಲಿ ಗ್ರೀನ್‌ಪೀಸ್‌ನವರು ಟರ್ಕಿಯ ಅದಾನಾ ಬಳಿಯ ರಸ್ತೆಬದಿಗಳಲ್ಲಿ ಸುಟ್ಟು ಬಿದ್ದಿದ್ದ ಬ್ರಿಟಿಷ್ ಅಂಗಡಿಗಳ ಚೀಲಗಳ ಚಿತ್ರ ತೆಗೆದು ತೋರಿಸಿದರು. ಭಾರತ 2019ರಲ್ಲಿ ಪ್ಲಾಸ್ಟಿಕ್ ಕಸದ ಆಮದು ನಿಲ್ಲಿಸಿತು. ಬ್ರಿಟನ್ನಿನ ರದ್ದಿ ಕಾಗದ ಮಾತ್ರ ಇಂದಿಗೂ ನಮ್ಮ ಗಿರಣಿಗಳಿಗೆ ಬರುತ್ತಿದೆ. ಮರುಬಳಕೆಯ ಶೇಕಡಾವಾರು ಲೆಕ್ಕದಲ್ಲಿ ಹಡಗು ಹತ್ತಿದ್ದೂ ಸೇರಿರುತ್ತದೆ.

ವ್ಯವಸ್ಥೆ ಕುಸಿದರೆ ರೂಢಿ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಬರ್ಮಿಂಗ್‌ಹ್ಯಾಮ್ ಸಾಕ್ಷಿ. 2025ರ ಮಾರ್ಚ್ 11ರಿಂದ ಅಲ್ಲಿನ ಕಸದ ಗಾಡಿಯವರು ಪೂರ್ಣ ಮುಷ್ಕರ ಹೂಡಿದರು. ಗಾಡಿಯ ಮೇಲಿನ ಒಂದು ಹುದ್ದೆಯನ್ನು ರದ್ದು ಮಾಡಿದ್ದು, ಅದರಿಂದ ಸಂಬಳಕ್ಕೆ ಬೀಳುವ ಕತ್ತರಿ ಜಗಳದ ಮೂಲ. ತಿಂಗಳ ಕೊನೆಗೆ ಸಾವಿರಾರು ಟನ್ ಕಸ ಬೀದಿಯಲ್ಲಿ ಕೊಳೆಯುತ್ತಿತ್ತು, ನಗರಸಭೆ ತುರ್ತು ಸ್ಥಿತಿ ಸಾರಿತು. ಕಪ್ಪು ಚೀಲಗಳನ್ನು ಹೇಗೋ ಎತ್ತಿದರು. ಮರುಬಳಕೆಯ ಸಂಗ್ರಹವನ್ನು ನಿಲ್ಲಿಸಿಯೇಬಿಟ್ಟರು. ಮೊದಲೇ ದೇಶದ ಅತಿ ಕಡಿಮೆ ಮರುಬಳಕೆಯ ಊರುಗಳಲ್ಲೊಂದು ಅದು. 2015ರ ಹೈಕೋರ್ಟ್ ಆದೇಶದ ಬಳಿಕ ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪಾಠ ಕಲಿತು, ಕೆಲಸಕ್ಕೆಂದು ಆ ಊರಿಗೆ ಹೋದ ಕನ್ನಡದ ಕುಟುಂಬ ಅಲ್ಲಿ ಹಸಿ ಕಸಕ್ಕೆ ಬೇರೆ ಡಬ್ಬವನ್ನೇ ಕಾಣುತ್ತಿರಲಿಲ್ಲ; ಕಲಿತದ್ದನ್ನು ಮರೆತು ಹಸಿ ಕಸವನ್ನೂ ಮಿಕ್ಕ ಕಸದ ತೊಟ್ಟಿಗೇ ಹಾಕುವುದು ಅಲ್ಲಿನ ಕ್ರಮವಾಗಿತ್ತು.

ಇಂಗ್ಲೆಂಡ್ ಈಗ ತಡವಾಗಿ ವೇಲ್ಸ್‌ನ ದಾರಿಗೆ ಬರುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ರಿಷಿ ಸುನಕ್ ಮನೆಗೆ ಏಳು ತೊಟ್ಟಿ ಹೇರುವುದನ್ನು ತಾನು ತಪ್ಪಿಸಿದ್ದೇನೆಂದು ಘೋಷಿಸಿದರು. ಏಳು ತೊಟ್ಟಿ ಇಟ್ಟುಕೊಳ್ಳಿ ಎಂದು ಯಾರೂ ಆಜ್ಞೆ ಹೊರಡಿಸಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಬೇರ್ಪಡಿಸುವುದು ತಪ್ಪಲಿಲ್ಲ. ಹೊಸ ನಿಯಮದಂತೆ 2026ರ ಮಾರ್ಚ್ 31 ಇಂಗ್ಲೆಂಡಿನ ಎಲ್ಲ ಮನೆಗಳಿಗೂ ಗಡುವು: ಹಸಿ ಕಸ ಬೇರೆ, ಅದೂ ವಾರಕ್ಕೊಮ್ಮೆ, ಕಾಗದ-ರಟ್ಟು ಬೇರೆ, ಗಾಜು, ಲೋಹ, ಪ್ಲಾಸ್ಟಿಕ್ ಒಟ್ಟಿಗೆ, ಮಿಕ್ಕಿದ್ದು ಬೇರೆ. ಬಾಟಲಿ ಠೇವಣಿಗೆ 2027ರ ಅಕ್ಟೋಬರ್ ಎಂದಿದ್ದಾರೆ. ಇಂಗ್ಲೆಂಡಿನ ಯೋಜನೆಯಲ್ಲಿ ಗಾಜಿಲ್ಲ. ವೇಲ್ಸ್ ಗಾಜು ಸೇರಲೇಬೇಕೆಂದು 2024ರಲ್ಲಿ ಜಂಟಿ ಯೋಜನೆಯಿಂದ ಹೊರಬಂತು. ಇನ್ನು, ಹಸಿ ಕಸದ ಗಡುವಿನಿಂದ ಹಲವು ಕೌನ್ಸಿಲ್‌ಗಳಿಗೆ ವರ್ಷಗಟ್ಟಲೆ ವಿನಾಯಿತಿ ಸಿಕ್ಕಿದೆ. ಕಸ ವಿಲೇವಾರಿ ಮಾಡುವ ಕಂಪನಿಗಳ ಜೊತೆ ಅವು ದಶಕಗಳ ಕರಾರಿಗೆ ಹಿಂದೆಯೇ ಸಹಿ ಹಾಕಿಬಿಟ್ಟಿವೆ.